ಗೆಸ್ಟುಗಳಿಗಿಲ್ಲದ ಮೈಲಿಗೆ

ಜೂನ್ 7, ಶನಿವಾರ. ಬೆಳಗ್ಗೆ

ಅತ್ತೆ ಮಾವ ಇಬ್ಬರೂ ಹುಳು ಮನೆಯೊಳಗೆ ಸೊಪ್ಪು ಹಾಕುತ್ತಿದ್ದಾರೆ. ನಾನು ಜಗಲಿಯ ಮೂಲೆಯಲ್ಲಿ. ಎದ್ದಾಗಲೇ ಗೊತ್ತಾಯಿತು, ಹೊರಗಾಗಿದ್ದೇನೆ. ಇನ್ನು ಮೂರು ದಿನ ಆ ಕಡೆ ತಲೆ ಹಾಕುವ ಹಾಗಿಲ್ಲ. ಸೊಪ್ಪಿನ ಬುಟ್ಟಿ ಮುಟ್ಟುವ ಹಾಗಿಲ್ಲ. ಮುಟ್ಟಾದವಳು ಒಳಗೆ ಕಾಲಿಟ್ಟರೆ ರೇಷ್ಮೆ ಹುಳು ಕೆಡುತ್ತವಂತೆ.

ಅಡುಗೆಮನೆಗೆ ಈ ನಿಯಮ ಇಲ್ಲ. ಇದ್ದರೆ ಅಡುಗೆ ಮಾಡುವವರು ಯಾರು!

ಚಿಂತಾಮಣಿಯ ರೇಷ್ಮೆ ಕಾಲೇಜಿನಲ್ಲಿ ನಾಲ್ಕು ವರ್ಷ ಓದಿದೆ. ಹುಳುವಿಗೆ ಬರುವ ರೋಗಗಳಿಗೇ ಒಂದು ಪೇಪರ್ ಇತ್ತು. ಹೆಂಗಸರ ಮುಟ್ಟಿನಿಂದ ಬರುವ ರೋಗ ಮಾತ್ರ ಅದರಲ್ಲಿ ಇರಲಿಲ್ಲ. ನಮ್ಮದು ಗೌರಿಬಿದನೂರು, ಅಪ್ಪನದು ಕುಡುಮಲಕುಂಟೆಯಲ್ಲಿ ಫ್ಯಾಕ್ಟರಿ ಕೆಲಸ, ಮನೆಯಲ್ಲಿ ಹುಳು ಸಾಕಿದವರಲ್ಲ. ಹೆಣ್ಣು ನೋಡಲು ಬಂದ ದಿನ ಅತ್ತೆಗೆ ನನ್ನ ಓದು ಕೇಳಿಯೇ ಮುಖ ಅರಳಿತ್ತು. "ನಮ್ಮನೆ ಹುಳುಗೆ ಡಾಕ್ಟ್ರೇ ಸಿಕ್ಕಿದಂಗಾಯ್ತು ಬಿಡಪ್ಪ" ಎಂದಿದ್ದರು. ಆ ಡಾಕ್ಟರು ಈಗ ಜಗಲಿಯಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಾಳೆ.

ಅದೇ ದಿನ, ಸಂಜೆ

ಸುನೀಲ್ ಬಂದರು. (ಡೈರಿಯಲ್ಲಾದರೂ ಗಂಡನ ಹೆಸರು ಹಿಡಿಯುತ್ತೇನೆ.) ಚಿಂತಾಮಣಿ ರಸ್ತೆಯ ಹಸಿರಂಗಳ ರೆಸಾರ್ಟಿನಲ್ಲಿ ಇವರು ಆಕ್ಟಿವಿಟಿ ಇನ್‌ಚಾರ್ಜ್. ಎತ್ತಿನ ಗಾಡಿ, ಟ್ರ್ಯಾಕ್ಟರ್ ರೈಡು, ಗಾಳಿಪಟ, ಮಡಿಕೆ ಮಾಡಿಸುವುದು, ಕೈವಾರದ ಬೆಟ್ಟಕ್ಕೆ ಸೈಟ್‌ಸೀಯಿಂಗ್. ಗೆಸ್ಟುಗಳಿಗೆ ಇಷ್ಟು ಸಾಲದಂತೆ. ಮ್ಯಾನೇಜರ್ ಮೋಹನ್‌ಬಾಬುಗೆ "ಲೋಕಲ್ ಟಚ್" ಬೇಕಂತೆ. ಅದಕ್ಕೆ ಹೊಸದು — ಸಿಲ್ಕ್ ಟ್ರೇಲ್. ಎಲ್ಲಿ? ನಮ್ಮ ಮನೆಯಲ್ಲಿ. ನಾಳೆಯೇ.

ನನಗೆ ನಗು ಬಂತು. ಅತ್ತೆ ಒಪ್ಪುವುದುಂಟೆ? ನನ್ನ ತಮ್ಮ ಬಂದಾಗ ಹುಳು ಮನೆಯ ಹೊಸ್ತಿಲಾಚೆಯೇ ನಿಲ್ಲಿಸಿದವರು. ಅಗರಬತ್ತಿಯ ಹೊಗೆ ಆಗದು, ಒಗ್ಗರಣೆಯ ಘಾಟು ಆಗದು, ಹೊರಗಿನವರ ಕಣ್ಣಂತೂ ಆಗಲೇ ಆಗದು.

ಅತ್ತೆ ಎಲೆ ಅಡಿಕೆ ಮೆಲ್ಲುತ್ತ ಹೇಳಿದರು: "ಪೋನೀಲೇ, ಹೋಗ್ಲಿ. ಬರ್ಲಿ ಬಿಡಪ್ಪ. ನೋಡ್ಕೊಂಡು ಹೋಗ್ತಾರೆ, ಪಾಪ."

ಪಾಪವಂತೆ!

ಜೂನ್ 8, ಭಾನುವಾರ. ಮಧ್ಯಾಹ್ನ

ಬರೆಯದಿದ್ದರೆ ತಲೆ ಸಿಡಿಯುತ್ತದೆ.

ನಾಲ್ಕು ಜನ ಹೆಂಗಸರು, ಬೆಂಗಳೂರಿನವರು. ಟ್ರ್ಯಾಕ್ಟರಿನಿಂದ ಇಳಿಯುತ್ತಲೇ ಸೆಲ್ಫಿ. ಅತ್ತೆ ಮದುವೆಯ ಸೀರೆ ಉಟ್ಟಿದ್ದರು — ಹುಳು ಮನೆಗೆ! ದಿನಾ ಹರಿದ ಸೀರೆಯನ್ನು ಮೇಲಕ್ಕೆ ಸಿಕ್ಕಿಸಿಕೊಂಡು ಕೆಲಸ ಮಾಡುವವರು. ಸುನೀಲ್ ಹೇಳಿಕೊಟ್ಟ ಹಾಗೆ "ವೆಲ್‌ಕಮ್ಮು, ವೆಲ್‌ಕಮ್ಮು" ಎಂದು ಕೈ ಮುಗಿದರು. ಕಾಲನ್ನು ಸುಣ್ಣದ ನೀರಲ್ಲಿ ಅದ್ದಿಸಿದರು, ತಲೆಗೆ ಪ್ಲಾಸ್ಟಿಕ್ ಟೋಪಿ. ನಾಲ್ವರೂ ಒಳಗೆ.

ಆ ನಾಲ್ವರಲ್ಲಿ ಒಬ್ಬಳನ್ನಾದರೂ ಯಾರಾದರೂ ಕೇಳಿದರೇ? ನನ್ನನ್ನು ಕೇಳುವ ಹಾಗೆ, "ಏನಮ್ಮ, ಸರಿಯಾಗಿದೀಯಾ?" ಎಂದು? ಮದುವೆಯಾದ ಮೊದಲ ತಿಂಗಳಿಂದಲೂ ಅತ್ತೆ ಕೇಳುತ್ತಾರೆ, ಮಾವನ ಮುಂದೆಯೇ. ಅವರನ್ನು ಕೇಳಲಿಲ್ಲ. ಕೇಳುವ ಧೈರ್ಯ ಇದೆಯೇ!

ನಾನು ಜಾಲರಿ ಕಿಟಕಿಯ ಹೊರಗೆ, ಮಜ್ಜಿಗೆ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಒಳಗೆ ಸುನೀಲ್ ಭಾಷಣ. "ಹೆಣ್ಣು ಹುಳು ಮಾತ್ರ ನೂಲು ಬಿಡುತ್ತೆ ಮೇಡಂ. ಅದಕ್ಕೇ ನಾವು ಇದನ್ನ ತಾಯಿ ಅಂತೀವಿ." ಹೆಂಗಸರು ಚಪ್ಪಾಳೆ ತಟ್ಟಿದರು. ಒಬ್ಬಳು ವಿಡಿಯೋ ಮಾಡಿಕೊಂಡಳು.

"ಗಂಡು ಹೆಣ್ಣು ಎರಡೂ ಬಿಡುತ್ತೆ" ಎಂದೆ, ಕಿಟಕಿಯಿಂದ. ಯಾರಿಗೂ ಕೇಳಲಿಲ್ಲ. ಅಥವಾ ಇವರಿಗೆ ಕೇಳಿಸಿಯೂ...

ಹೊರಗೆ ಬಂದು ನನ್ನನ್ನು ತೋರಿಸಿದರು. "ಮೈ ವೈಫ್, ಪದ್ಮಶ್ರೀ. ಬಟರ್‌ಮಿಲ್ಕ್ ಇವಳದೇ." ಹೆಂಗಸರು ಸಂಬಾರ ಹಾಕಿದ ಮಜ್ಜಿಗೆಯನ್ನು ಹೊಗಳಿದರು. ನನ್ನ ನಾಲ್ಕು ವರ್ಷದ ಓದು ಮಜ್ಜಿಗೆಯಲ್ಲಿ ಕರಗಿಹೋಯಿತು.

ಜೂನ್ 9. ಬೆಳಗ್ಗೆ

ಜಗಳ. ನಾನೇ ಶುರು ಮಾಡಿದ್ದು.

"ಅವರು ಗೆಸ್ಟ್‌ಗಳು ಕಣೇ. ಅವ್ರಿಗೆಲ್ಲ ಇದು ಅಪ್ಲೈ ಆಗಲ್ಲ" ಎಂದರು ಸುನೀಲ್.

"ಹುಳುಗೆ ಹೆಂಗ್ ಗೊತ್ತಾಗುತ್ತೆ ರೀ, ಯಾರು ಗೆಸ್ಟು, ಯಾರು ಸೊಸೆ ಅಂತ?"

ಇವರು ಬೈಕ್ ಕೀ ಹುಡುಕತೊಡಗಿದರು. ಕೀ ಜೇಬಿನಲ್ಲೇ ಇತ್ತು.

ಅತ್ತೆಯನ್ನೇ ಕೇಳಿದೆ. ಅವರು ಸಿಟ್ಟು ಮಾಡಲಿಲ್ಲ. ಮಕ್ಕಳಿಗೆ ಹೇಳುವ ಹಾಗೆ ಹೇಳಿದರು: "ಅವರ ಮೈಲಿಗೆ ಅವರ ಮನೇದು ಕಣಮ್ಮ. ಸಂಜೆಗೆ ಅವ್ರ ಜೊತೇಲೇ ಹೊರಟೋಗ್ತದೆ. ನಿಂದು ನಮ್ಮನೇದು. ಇಲ್ಲೇ ಇರ್ತದೆ."

ಎಂಥ ಲಾಯರು! ಮೈ ಉರಿದುಹೋಯಿತು. 

ಜೂನ್ 22, ಭಾನುವಾರ

ರೆಸಾರ್ಟಿನಲ್ಲಿ ಸ್ಟಾಫ್ ಕುಟುಂಬಗಳಿಗೆ ಊಟ. ಮೊದಲ ಸಲ ಒಳಗೆ ಹೋದೆ. ಈಜುಕೊಳ, ಮಾವಿನ ಮರಕ್ಕೆ ಕಟ್ಟಿದ ಬಲೆಯ ಜೋಲಿ, ಬಿಲ್ಲುಬಾಣ. ಒಂದು ಕಡೆ ರಾಗಿ ಬೀಸುವ ಕಲ್ಲು, ಎರಡು ಸುತ್ತು ತಿರುಗಿಸಿ ಫೋಟೊ ತೆಗೆಸಿಕೊಳ್ಳಲು. ರಾಗಿ ಮಾತ್ರ ಮಿಲ್ಲಿನದು. ಚೆನ್ನಾಗಿದೆ, ಇಲ್ಲ ಅನ್ನುವುದಿಲ್ಲ. ಆ ಜೋಲಿಯಲ್ಲಿ ಅರ್ಧ ಗಂಟೆ ಮಲಗಿದ್ದೆ. ಎದ್ದು ಬರಲು ಮನಸ್ಸಾಗಲಿಲ್ಲ. ರಜೆ ಅಂದರೆ ಇಷ್ಟು ಸುಖವೇ ಅನ್ನಿಸಿತು.

ರಿಸೆಪ್ಷನ್‌ನಲ್ಲಿ ಅತ್ತೆಯ ಫೋಟೊ! ಆಳೆತ್ತರದ್ದು. ಅಂಗೈಯಲ್ಲಿ ಹುಳು, ಬಾಯ್ತುಂಬ ನಗು. ಕೆಳಗೆ "ಸಿಲ್ಕ್ ಅಮ್ಮ". ಗೆಸ್ಟುಗಳು ಬರೆದ ರಿವ್ಯೂಗಳಲ್ಲೆಲ್ಲ ಅವರೇ ಅಂತೆ. ಅತ್ತೆ ಆ ಫೋಟೊ ಮುಂದೆ ನಿಂತು ಸೆರಗು ಸರಿ ಮಾಡಿಕೊಂಡರು. ಅವರು ಅಷ್ಟು ಖುಷಿಯಾಗಿದ್ದನ್ನು ನಾನು ನೋಡಿರಲಿಲ್ಲ. ಅದಕ್ಕೆ ಬೇಜಾರಿಲ್ಲ. ದುಡಿದ ಜೀವ, ಖುಷಿಪಡಲಿ.

ಆದರೆ ಮೋಹನ್‌ಬಾಬುವನ್ನು ಕೇಳಿದೆ, "ಸರ್, ನಾನು ಇದನ್ನೇ ಓದಿದೀನಿ. ಗೆಸ್ಟ್‌ಗಳಿಗೆ ನಾನು ವಿವರಿಸ್ಲಾ?"

ಮನುಷ್ಯ ಒಳ್ಳೆಯವನೇ. ನಗುತ್ತಲೇ ಹೇಳಿದ: "ಓದಿರೋರು ಬೇಡ ಮೇಡಂ. ಬರೋರೆಲ್ಲ ಓದಿರೋರೇ. ಅವ್ರಿಗೆ ಅಜ್ಜಿ ಬೇಕು."

ಸುನೀಲ್ ಪಕ್ಕದಲ್ಲೇ ನಿಂತಿದ್ದರು. ಪಾಯಸ ತಿನ್ನುತ್ತಿದ್ದರು.

ಜುಲೈ 5, ಶನಿವಾರ

ಮತ್ತೆ ಹೊರಗೆ. ಈ ಸಲ ಎಂಥ ಹೊತ್ತಿನಲ್ಲಿ! ಹುಳು ನಾಳೆ ಹಣ್ಣಾಗುತ್ತವೆ. ಮೈ ಹಳದಿ ತಿರುಗಿ, ಸೊಪ್ಪು ಬಿಟ್ಟು, ತಲೆ ಎತ್ತಿ ಗೂಡು ಕಟ್ಟಲು ಜಾಗ ಹುಡುಕುತ್ತವೆ. ಆಗ ಒಂದೊಂದನ್ನೂ ಆರಿಸಿ ಬಿದಿರಿನ ಚಂದ್ರಿಕೆಗೆ ಬಿಡಬೇಕು. ತಡವಾದರೆ ಕಸದಲ್ಲೇ ನೂಲು ಚೆಲ್ಲಿಬಿಡುತ್ತವೆ. ಇಪ್ಪತ್ತು ದಿನ ಸಾಕಿದ್ದು ಒಂದು ದಿನದಲ್ಲಿ ಹಾಳು.

ಆ ದಿನಕ್ಕೆ ನೆರೆಮನೆಯ ಹೆಂಗಸರು ಮುಯ್ಯಿಗೆ ಬರುತ್ತಾರೆ. ನಮ್ಮ ಹುಳು ಹಣ್ಣಾದಾಗ ಅವರು, ಅವರದು ಹಣ್ಣಾದಾಗ ನಾವು. ಊರು ಹುಟ್ಟಿದಾಗಿನಿಂದ ಹಾಗೆ. ಸುನೀಲ್ ಎಲ್ಲರ ಮನೆಗೂ ಹೋಗಿ ಈ ಸಲ ಬೇಡ ಎಂದು ಹೇಳಿ ಬಂದಿದ್ದಾರೆ! ಯಾವುದೋ ಕಂಪನಿಯ ಹನ್ನೆರಡು ಜನ ಗೆಸ್ಟುಗಳು ಬಂದು ಹುಳು ಆರಿಸುತ್ತಾರಂತೆ. ಅದೂ ಒಂದು ಆಕ್ಟಿವಿಟಿ. "ಹುಳೂ ಚಂದ್ರಿಕೆಗೆ ಬಿದ್ದಂಗಾಯ್ತು, ಗೆಸ್ಟೂ ಖುಷಿಯಾದಂಗಾಯ್ತು."

"ಅವ್ರು ಹುಳು ಮುಟ್ಟೋಕೆ ಹೆದರ್ತಾರೆ ರೀ."

"ಟೀಂ ಬಿಲ್ಡಿಂಗು ಕಣೇ. ಹೆದರ್ಕೆ ಬಿಡ್ಸೋದೇ ಅದು."

ಅತ್ತೆಗೂ ಅಳುಕು ಇತ್ತು, ಮುಖದಲ್ಲಿ ಕಂಡಿತು. ಮಗನ ಮುಂದೆ ಬಾಯಿ ಬಿಡಲಿಲ್ಲ. ಸಿಲ್ಕ್ ಅಮ್ಮ ಅಲ್ಲವೇ.

ಜುಲೈ 6, ಭಾನುವಾರ. ರಾತ್ರಿ

ಸೊಂಟ ನೆಟ್ಟಗೆ ನಿಲ್ಲುತ್ತಿಲ್ಲ. ಆದರೂ ಬರೆಯುತ್ತೇನೆ.

ಗೆಸ್ಟುಗಳು ಬಂದರು. ಎಲ್ಲರಿಗೂ ಒಂದೇ ಬಣ್ಣದ ಟೀ ಶರ್ಟ್. ಕಿರುಚಾಟ, ನಗು, ಒಬ್ಬಳು ಹುಳುವನ್ನು ಕೆಳಗೆ ಬೀಳಿಸಿದಳು, ಇನ್ನೊಬ್ಬ ಅದನ್ನೇ ತುಳಿದ. ಹಸಿರು ಹುಳುಗಳನ್ನೂ ಎತ್ತಿ ಚಂದ್ರಿಕೆಗೆ ಹಾಕಿದರು. ಅವು ಇನ್ನೂ ಸೊಪ್ಪು ತಿನ್ನಬೇಕಾದವು. ನಾನು ಕಿಟಕಿಯಿಂದ ಕೂಗುತ್ತಲೇ ಇದ್ದೆ. "ಹಳದೀದು ಮಾತ್ರ! ತಲೆ ಎತ್ತಿರೋದು ಮಾತ್ರ!" ತನುಜ ಅಂತ ಒಬ್ಬ ಹುಡುಗಿ ಮಾತ್ರ ತಿರುಗಿ ನೋಡಿ, ಸರಿಯಾಗಿ ಆರಿಸತೊಡಗಿದಳು. ಆಮೇಲೆ ಕಿಟಕಿ ಹತ್ತಿರ ಬಂದು ಕೇಳಿದಳು, "ಆಂಟಿ, ನಿಮಗೆ ಇಷ್ಟೊಂದು ಗೊತ್ತಲ್ಲ, ನೀವ್ಯಾಕೆ ಒಳಗೆ ಬರ್ತಿಲ್ಲ?"

ಏನು ಹೇಳಲಿ? ಇರುವುದನ್ನೇ ಹೇಳಿದೆ. ಅವಳು ಜಾಲರಿಗೆ ಇನ್ನೂ ಹತ್ತಿರ ಬಂದು, ಮೆಲ್ಲಗೆ, "ನನಗೂ ಇವತ್ತು ಎರಡನೇ ದಿನ ಆಂಟಿ" ಎಂದಳು.

ಅಷ್ಟರಲ್ಲಿ ಸುನೀಲ್ ಚಪ್ಪಾಳೆ ತಟ್ಟಿದರು. ಟೈಮ್ ಆಯಿತು! ಕೈವಾರದ ಬೆಟ್ಟ, ಆಮೇಲೆ ಊಟ, ಆಮೇಲೆ ಈಜುಕೊಳ. ಬಂದು ಒಂದು ಗಂಟೆಯೂ ಆಗಿರಲಿಲ್ಲ. ಹನ್ನೆರಡು ಜನವೂ ಟ್ರ್ಯಾಕ್ಟರ್ ಹತ್ತಿ ಹೋದರು. ಇವರೂ ಹತ್ತಿದರು. "ನೀವು ಮುಗಿಸ್ತಾ ಇರಿ, ಬಂದುಬಿಡ್ತೀನಿ" ಎಂದು ಅತ್ತೆಗೆ ಹೇಳಿ.

ಮುಗಿಸುವುದೇನು? ಮುಗಿದದ್ದೇ ಹುಳು ಹರಡಿದ ಒಂದು ತಟ್ಟಿನ ಮೂಲೆ. ಒಳಗೆ ಸಾಲು ಸಾಲು ತಟ್ಟು, ಎಲ್ಲದರ ಮೇಲೂ ಹುಳು ತಲೆ ಎತ್ತಿ ಆಡಿಸುತ್ತಿವೆ. ಮಾವ ನೆರೆಮನೆಗೆ ಓಡಿದರು. ಬೇಡ ಅಂದಮೇಲೆ ಅವರು ಕಾಯುತ್ತಾರೆಯೇ? ಎಲ್ಲ ಬೇರೆ ಕಡೆ ಕೆಲಸಕ್ಕೆ ಹೋಗಿದ್ದರು. ಮಾವ ಬರಿಗೈಲಿ ಬಂದು ಚಂದ್ರಿಕೆ ಹೊರಲು ನಿಂತರು. ಅತ್ತೆ ಮಂಡಿ ನೋವಿನ ಕಾಲು ಎಳೆಯುತ್ತ ಒಬ್ಬರೇ ಆರಿಸುತ್ತಿದ್ದರು. ಮದುವೆಯ ಸೀರೆಯಲ್ಲಿ.

ಎದ್ದೆ. ಕಾಲು ಸುಣ್ಣದ ನೀರಿನಲ್ಲಿ ಅದ್ದಿದೆ. ಕೈ ತೊಳೆದೆ. ಹೊಸ್ತಿಲು ದಾಟಿದೆ.

ಅತ್ತೆ ನೋಡಿದರು. ನಾನೂ ನೋಡಿದೆ. ಹೋಗು ಅನ್ನಲಿಲ್ಲ, ಬಾ ಅನ್ನಲಿಲ್ಲ. ಎದುರು ತಟ್ಟಿನ ಮುಂದೆ ನಿಂತು ಆರಿಸತೊಡಗಿದೆ. ಒಂದೇ ಚಂದ್ರಿಕೆಗೆ ಇಬ್ಬರ ಕೈ ಬಂದಾಗ ಅವರು ಕೈ ಹಿಂದಕ್ಕೆ ತೆಗೆದುಕೊಂಡರು. ಅಷ್ಟೇ. ಕತ್ತಲಾಗುವವರೆಗೂ ಆರಿಸಿದೆವು.

ಮುಗಿಯಿತು. ಎಲ್ಲ ಚಂದ್ರಿಕೆಯಲ್ಲಿವೆ.

ಸುನೀಲ್ ಬಂದರು. ತಲೆಗೂದಲು ಒದ್ದೆ. ಈಜುಕೊಳ!

ಜುಲೈ 8

ಅತ್ತೆ ಗಂಟೆಗೊಂದು ಸಲ ಹೋಗಿ ಚಂದ್ರಿಕೆ ನೋಡಿ ಬರುತ್ತಾರೆ. ಅವರು ಏನು ಹುಡುಕುತ್ತಿದ್ದಾರೆ ಎಂದು ಗೊತ್ತು. ಗೂಡು ಕೆಟ್ಟರೆ ಈ ಜನ್ಮದಲ್ಲಿ ನನಗೆ ಆ ಬಾಗಿಲು ಇಲ್ಲ.

ನಾನೂ ಹೋಗಿ ನೋಡಿದೆ. ಸ್ನಾನ ಆಯಿತಲ್ಲ, ಈಗ ಹೋಗಬಹುದು. ಎಂಥ ಕಾನೂನು.

ಜುಲೈ 12

ಗೂಡು ಬಿಡಿಸಿದೆವು. ಗಟ್ಟಿ, ಕಲೆ ಇಲ್ಲ. ಆ ಗೆಸ್ಟುಗಳು ಹಾಕಿದ ಮೂಲೆಯಲ್ಲಿ ಮಾತ್ರ ಸ್ವಲ್ಪ ಜಾಳು, ಕೆಲವು ಸತ್ತಿವೆ. ಮಿಕ್ಕದ್ದು ಈ ವರ್ಷದ ಅತ್ಯುತ್ತಮ ಬೆಳೆ. ಮಾವನೇ ಹೇಳಿದರು. ಬಾಯಿ ಬಿಟ್ಟು ಹೊಗಳುವ ಮನುಷ್ಯನಲ್ಲ.

ಗೂಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ ಅಲ್ಲಾಡಿಸಿ ನೋಡಿದೆ. ಕಣ್ಣು ತುಂಬಿ ಬಂತು, ನಾಚಿಕೆ ಏನಿಲ್ಲ. ಇನ್ನು ಯಾರು ಏನು ಹೇಳುತ್ತಾರೆ, ನೋಡೋಣ.

ಜುಲೈ 13, ಭಾನುವಾರ

ಹೇಳಿದರು!

ಶಿಡ್ಲಘಟ್ಟದ ಮಾರುಕಟ್ಟೆಯಿಂದ ಮಾವ ನಗುತ್ತ ಬಂದರು, ಒಳ್ಳೆ ರೇಟು. ಜಿಲೇಬಿ ತಂದಿದ್ದರು. ಅದೇ ಹುರುಪಿನಲ್ಲಿ ನಾನೇ ಬಾಯಿ ಬಿಟ್ಟೆ: "ನೋಡಿದ್ರಾ ಅತ್ತೆ? ನಾನು ಒಳಗೆ ಬಂದೆ, ಹುಳುಗೆ ಏನೂ ಆಗ್ಲಿಲ್ಲ."

ಅತ್ತೆ ನನ್ನ ಕಡೆ ತಿರುಗಲೇ ಇಲ್ಲ. ಮಗನಿಗೆ ಹೇಳಿದರು: "ಅವಳು ಅವತ್ತು ಹೊರಗಾಗಿರ್ಲಿಲ್ಲ ಕಣಪ್ಪ. ಗೆಸ್ಟ್‌ಗಳ ಮೇಲಿನ ಸಿಟ್ಟಿಗೆ ಸುಳ್ಳು ಹೇಳಿ ಜಗಲೀಲಿ ಕೂತಿದ್ಲು. ಆಗಿದ್ದಿದ್ರೆ ಬೆಳೆ ಉಳೀತಿತ್ತಾ?"

ಸುಳ್ಳು. ನಾನು. ನನ್ನ ಮೈಯ ಬಗ್ಗೆ. ನನಗೇ ಗೊತ್ತಿಲ್ಲದ ಹಾಗೆ!

ಗಂಡನ ಮುಖ ನೋಡಿದೆ. ಇವರಿಗೆ ಗೊತ್ತು. ಮೆಡಿಕಲ್ ಸ್ಟೋರಿನಿಂದ ಪ್ಯಾಕೆಟ್ ತಂದುಕೊಟ್ಟವರೇ ಇವರು. ಕಪ್ಪು ಕವರಿನಲ್ಲಿ ಸುತ್ತಿ. ಇವರು ಜಿಲೇಬಿ ನೋಡುತ್ತ, "ಹೋಗ್ಲಿ ಬಿಡೇ, ಬೆಳೆ ಚೆನ್ನಾಗ್ ಬಂತಲ್ಲ" ಎಂದರು.

ಬೆಳೆ ಕೆಟ್ಟಿದ್ದರೆ ನಾನು ಮುಟ್ಟಾಗಿದ್ದೆ. ಚೆನ್ನಾಗಿ ಬಂದರೆ ಸುಳ್ಳುಬುರುಕಿ. ಎರಡು ಕಡೆಯೂ ತಪ್ಪು ನನ್ನದೇ.

ಜಿಲೇಬಿ ಮುಟ್ಟಲಿಲ್ಲ.

ಜುಲೈ 15

ಸುನೀಲ್ ಜೊತೆ ಮಾತಿಲ್ಲ. ತಟ್ಟೆ ಇಡುತ್ತೇನೆ, ಬರುತ್ತೇನೆ. ಇವತ್ತು ಗೆಸ್ಟುಗಳ ಮುಂದೆ ಖಾಲಿ ಚಂದ್ರಿಕೆ ತೋರಿಸುತ್ತ ಮತ್ತೆ ಅದೇ ಹೆಣ್ಣು ಹುಳುವಿನ ಕತೆ. ಅತ್ತೆ ಪಕ್ಕದಲ್ಲಿ ಕೈ ಮುಗಿದು ನಗುತ್ತಿದ್ದರು. ಮಜ್ಜಿಗೆಗೆ ಬೇಕೆಂದೇ ಉಪ್ಪು ಜಾಸ್ತಿ ಹಾಕಿದೆ. ಸಣ್ಣತನ. ಇರಲಿ.

ಆಗಸ್ಟ್ 3, ಭಾನುವಾರ. ಬೆಳಗ್ಗೆ

ಜಗಲಿಯಲ್ಲೇ ಕೂತು ಗೀಚುತ್ತಿದ್ದೇನೆ. ಮಾವ ತೋಟದ ಆ ತುದಿಯಿಂದ ಬರುವಷ್ಟರಲ್ಲಿ ಬರೆದುಬಿಡಬೇಕು.

ಬೆಳಗ್ಗೆ ಹೊರಗಾದೆ. ನಿರ್ಧಾರ ಮೊದಲೇ ಮಾಡಿದ್ದೆ. ಅಂಗಳದ ಮಧ್ಯೆ ನಿಂತು ಜೋರಾಗಿಯೇ ಹೇಳಿದೆ: "ಅತ್ತೆ, ನಾನು ಹೊರಗಾಗಿದ್ದೀನಿ. ಸೊಪ್ಪು ಹಾಕೋಕೆ ಒಳಗೆ ಬರ್ತಿದ್ದೀನಿ. ಸುಳ್ಳು ಅನ್ನೋದಿದ್ರೆ ಈಗ್ಲೇ ಅನ್ನಿ, ಆಮೇಲೆ ಬೇಡ."

ಮಾವ ಸೊಪ್ಪಿನ ಹೊರೆ ಇಳಿಸಿದವರು ಹಾಗೇ ತೋಟದ ಕಡೆ ತಿರುಗಿ ನಡೆದರು. ಸುನೀಲ್ ಬೈಕ್ ಒರೆಸುತ್ತಿದ್ದರು. "ಮೆಲ್ಲಗೆ ಕಣೇ, ಗೆಸ್ಟ್ ಬರೋ ಹೊತ್ತು..."

ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಕೂಗಾಡುತ್ತಾರೆ ಎಂದುಕೊಂಡೆ. ಕೂಗಾಟಕ್ಕೆ ತಯಾರಾಗಿಯೇ ಇದ್ದೆ, ಒಂದೊಂದು ಮಾತೂ ಹೊಂದಿಸಿಕೊಂಡು. ಅವರು ಬಂದು ಜಗಲಿಯ ಮೇಲೆ ಕೂತರು. ನನ್ನನ್ನೂ ಕೂರಿಸಿಕೊಂಡರು. ಮೈಗೆ ಮೈ ತಾಗುವಷ್ಟು ಹತ್ತಿರ. ಈ ದಿನಗಳಲ್ಲಿ ಅವರು ನನ್ನ ನೆರಳೂ ತುಳಿದವರಲ್ಲ.

"ಅವತ್ತು... ಹಣ್ಣು ಹುಳ ಆರಿಸಿದ ದಿನ. ನಿಜವಾಗ್ಲೂ ಆಗಿತ್ತೇನಮ್ಮ?"

"ಆಗಿತ್ತು ಅತ್ತೆ."

"ನನ್ ಮೇಲಾಣೆ?"

"ಆಣೆ ಯಾಕೆ? ನನ್ ಮೈ ನನಗೆ ಗೊತ್ತಾಗಲ್ವಾ?"

ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ಆಮೇಲೆ ಹೇಳತೊಡಗಿದರು, ನನಗಲ್ಲ, ಅಂಗಳಕ್ಕೆ ಹೇಳುವ ಹಾಗೆ.

"ನಾನು ಮದುವೆಯಾಗಿ ಬಂದ ವರ್ಷ. ಹಿಂಗೇ ಮಳೆ ಹಿಡ್ಕೊಂಡಿತ್ತು. ಮನೇಲಿ ಯಾರೂ ಇರ್ಲಿಲ್ಲ. ಸೊಪ್ಪು ನೆನೀತದೆ ಅಂತ ಬುಟ್ಟಿ ಎತ್ಕೊಂಡೋಗಿ ಒಳಗಿಟ್ಟೆ. ಹೊರಗಾಗಿದ್ದೆ. ಇಟ್ಟು ಬಂದೆ ಅಷ್ಟೇ ಕಣಮ್ಮ, ಹುಳ ಮುಟ್ಲಿಲ್ಲ. ವಾರದೊಳಗೆ ಅಷ್ಟೂ ಹೋಯ್ತು. ಒಂದೊಂದು ಹುಳೂ ಸುಣ್ಣ ಬಳಿದಂಗೆ ಬೆಳ್ಳಗೆ, ಕಡ್ಡಿ ತರ ಸೆಟ್ಕೊಂಡು. ನಮ್ಮತ್ತೆ ಕೇಳಿದ್ರು, ಒಪ್ಕೊಂಡೆ. ಊರಿಗೆಲ್ಲ ಹೇಳಿದ್ರು. ಹುಳ ತಿಂದೋಳು ಅಂತ ಹೆಸರಿಟ್ರು ನಂಗೆ. ಮುಯ್ಯಿಗೆ ಯಾರೂ ಕರೀತಿರ್ಲಿಲ್ಲ. ನಿಮ್ಮಾವ ಒಂದು ಮಾತಾಡ್ಲಿಲ್ಲ. ಇವತ್ತಿಗೂ ಆಡಿಲ್ಲ."

ನನ್ನ ಮೊಣಕೈ ಹಿಡಿದುಕೊಂಡರು, ಗಟ್ಟಿಯಾಗಿ.

"ಹಂಗಾದ್ರೆ ಆ ಬೆಳೆ ನನ್ನಿಂದ ಹೋಗಿದ್ದಲ್ವೇನಮ್ಮ?"

ಬೆಳ್ಳಗೆ, ಸೆಟೆದುಕೊಂಡು. ಸುಣ್ಣಕಟ್ಟು ರೋಗ. ಮಳೆಗಾಲದ ತಂಡಿಗೆ ಹುಳುವಿನ ಮೈಮೇಲೆ ಬೆಳೆಯುವ ಬೂಷ್ಟು. ರೇಷ್ಮೆ ಕಾಲೇಜಿನಲ್ಲಿ ಒಂದು ವಾರ ಕೂತವರೂ ಹೇಳುತ್ತಾರೆ. ಇಷ್ಟು ವರ್ಷ ಈ ಹೆಂಗಸಿಗೆ ಒಬ್ಬರಾದರೂ ಹೇಳಬಾರದಿತ್ತೆ? ನಾನಾದರೂ ಕೇಳಿದೆನೆ? ತಿಂಗಳಿಡೀ ಅತ್ತೆಯ ಮೇಲೆ ಸುರಿಯಬೇಕೆಂದೇ ಕೂಡಿಟ್ಟುಕೊಂಡಿದ್ದ ಸಿಟ್ಟು. ಅದನ್ನು ಈಗ ಎಲ್ಲಿ ಸುರಿಯಲಿ?

"ಅಲ್ಲ ಅತ್ತೆ. ನಿಮ್ಮಿಂದ ಅಲ್ಲ. ಅದು ಮಳೆ ತಂಡಿಗೆ ಬರೋ ಬೂಷ್ಟು. ನೀವು ಒಳಗೆ ಹೋಗದಿದ್ರೂ ಹೋಗ್ತಿತ್ತು."

ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. ಎದ್ದು ನಿಂತು ತೋಟದ ಕಡೆ ಕೂಗಿದರು: "ಏನ್ರೀ! ಬನ್ನಿ ಇಲ್ಲಿ!" ಮಾವನನ್ನು ಅವರು ಹಾಗೆ ಕೂಗಿದ್ದನ್ನು ನಾನು ಕೇಳಿಯೇ ಇಲ್ಲ. ಎರಡನೇ ಸಲ ಕೂಗಿದರು, ಇನ್ನೂ ಜೋರಾಗಿ. ನೆರೆಮನೆಯವರು ಬಾಗಿಲಿಗೆ ಬಂದರು.

ಟ್ರ್ಯಾಕ್ಟರ್ ಬಂದು ನಿಂತಿದೆ. ಗೆಸ್ಟುಗಳು ಇಳಿಯುತ್ತಿದ್ದಾರೆ. ಸುನೀಲ್ ನನಗೆ ಸನ್ನೆ ಮಾಡುತ್ತಿದ್ದಾರೆ, ಅಮ್ಮನನ್ನು ಒಳಗೆ ಕರೆದುಕೊಂಡು ಹೋಗು ಎಂದು. ಅತ್ತೆ ಕೈ ಅಡ್ಡ ಹಿಡಿದು ಗೆಸ್ಟುಗಳನ್ನು ಅಲ್ಲೇ ನಿಲ್ಲಿಸಿದರು. "ಒಸಿ ನಿಂತ್ಕೊಳ್ಳಿ. ನಮ್ಮನೆ ಮಾತು ಒಂದೈತೆ."

ಮಾವ ಅಂಗಳಕ್ಕೆ ಬಂದರು. ಕುಡುಗೋಲು ಕೈಯಲ್ಲೇ ಇದೆ, ಇಡಲೂ ಮರೆತಿದ್ದಾರೆ. ಅತ್ತೆ ನನ್ನ ಕಡೆ ತಿರುಗಿ ಕರೆಯುತ್ತಿದ್ದಾರೆ — "ಬಾರಮ್ಮ ಪದ್ಮ. ಈಗ ನಂಗೆ ಹೇಳಿದ್ಯಲ್ಲ, ಅದನ್ನ ಇವರಿಗೂ ಹೇಳು. ಎಲ್ರಿಗೂ ಕೇಳ್ಸಂಗೆ ಹೇಳು." ಪೆನ್ನು ಇಡುತ್ತೇನೆ, ಹೋಗಬೇಕು.